ಜಿಪ್ಸಮ್ ಬೋರ್ಡಿನ ಜಾಯಿಂಟಿನಲ್ಲಿ ಬಿರುಕು ಮರುಕಳಿಸುವುದೇಕೆ?

ಪ್ರಶ್ನೆ: ನಮ್ಮದು ಬಹಳ ಹಳೆಯ ಮನೆ. ಸುಣ್ಣದ ಗಾರೆ ಉದುರುತ್ತಿದ್ದ ಎರಡು ಕೋಣೆಗಳ ಒಳಗೋಡೆಗೂ ಚಾವಣಿಗೂ ಜಿಪ್ಸಮ್ ಬೋರ್ಡ್ ಹಾಕಿಸಿದೆವು. ಬೋರ್ಡುಗಳು ಕೂಡುವಲ್ಲಿ ಪುಟ್ಟಿ ತುಂಬಿ ಬಣ್ಣ ಬಳಿದ ಕೆಲವೇ ತಿಂಗಳಲ್ಲಿ ಜಾಯಿಂಟಿನ ಉದ್ದಕ್ಕೂ ಕೂದಲೆಳೆಯ ಬಿರುಕು ಕಾಣಿಸಿಕೊಂಡಿತು. ಕೆರೆದು ಮತ್ತೆ ತುಂಬಿಸಿದರೂ ಅದೇ ಬಿರುಕು ಮರಳಿ ಬಂದಿದೆ. ಹೊಸ ಬೋರ್ಡು ಹಳೆಯ ಗಾರೆ ಗೋಡೆಯನ್ನು ಮುಟ್ಟುವ ಮೂಲೆಯೂ ಬಿಟ್ಟುಕೊಂಡಿದೆ. ಗೋಡೆಗೆ ಪೂರ್ತಿಯಾಗಿ ತೆಳು ಪ್ಲಾಸ್ಟರ್ ಎಳೆಸಿದರೆ ಸರಿಹೋದೀತೇ?

ಉತ್ತರ: ತೆಳು ಪ್ಲಾಸ್ಟರ್ ಎಳೆಸುವುದು ಒಳ್ಳೆಯ ಕೆಲಸವೇ, ಆದರೆ ಅದು ಕೊನೆಯಲ್ಲಿ ಬರಬೇಕಾದದ್ದು. 2–3 ಮಿ.ಮೀ. ದಪ್ಪದ ಪದರಕ್ಕೆ ಕೆಳಗಿನ ಬೋರ್ಡುಗಳ ಅಲುಗಾಟವನ್ನು ಹಿಡಿದಿಡುವ ಶಕ್ತಿಯಿಲ್ಲ. ಜಾಯಿಂಟನ್ನು ಸರಿಪಡಿಸದೆ ಅದನ್ನು ಎಳೆಸಿದರೆ ಬಿರುಕು ಅದೇ ಗೆರೆಯಲ್ಲಿ ಮೇಲೆದ್ದು ಬರುತ್ತದೆ. ಎರಡು ಬೋರ್ಡುಗಳ ನಡುವಿನ ಎಳೆತವನ್ನು ತಾಳಿಕೊಳ್ಳುವುದು ಜಾಯಿಂಟಿನ ಉದ್ದಕ್ಕೂ ಪುಟ್ಟಿಯೊಳಗೆ ಕೂರಿಸುವ ಟೇಪು, ಅಲುಗಾಟವನ್ನು ತಡೆಯುವುದು ಬೋರ್ಡಿನ ಹಿಂದಿರುವ ಚೌಕಟ್ಟು. ಪುಟ್ಟಿ ಅಥವಾ ಕಾಂಪೌಂಡ್ ಮೇಲ್ಮೈಯನ್ನು ಸಮ ಮಾಡುತ್ತದೆ, ಅಷ್ಟೇ. ಆದ್ದರಿಂದ ನಿಮ್ಮ ಮನೆಯಲ್ಲಿ ಕೊರತೆಯಿರುವುದು ಟೇಪಿನದೋ ಚೌಕಟ್ಟಿನದೋ ಎಂಬುದನ್ನು ಮೊದಲು ಕಂಡುಕೊಳ್ಳಬೇಕು.

ಇದಕ್ಕೆ ಹೆಚ್ಚಿನ ಸಲಕರಣೆ ಬೇಕಿಲ್ಲ. ಬಿರುಕಿನ ಒಂದು ಬದಿಯನ್ನು ಅಂಗೈಯಿಂದ ಒತ್ತಿ, ಇನ್ನೊಂದು ಬದಿಯ ಮೇಲೆ ಬೆರಳಿಟ್ಟು ನೋಡಿ. ಒಂದು ಅಂಚು ಒಳಗೆ ಸರಿದು ಇನ್ನೊಂದು ನಿಂತಲ್ಲೇ ನಿಂತಿದ್ದರೆ ಆ ಅಂಚಿನ ಹಿಂದೆ ಆಧಾರವಿಲ್ಲ, ಇಲ್ಲವೇ ಸ್ಕ್ರೂಗಳು ಹಿಡಿದಿಲ್ಲ. ಎರಡೂ ಬಿಗಿಯಾಗಿದ್ದರೆ ಒಂದು ಗೇಣು ಉದ್ದ ಪುಟ್ಟಿಯನ್ನು ಕೆರೆದು ಒಳಗೆ ಟೇಪು ಇದೆಯೇ ಎಂದು ಪರೀಕ್ಷಿಸಿ. ನಿಮ್ಮ ವಿವರಣೆಯನ್ನು ಓದಿದರೆ ಅಲ್ಲಿ ಟೇಪು ಇರಲಾರದು ಎಂದೇ ನನಗನಿಸುತ್ತದೆ.

ಚೌಕಟ್ಟಿನ ಮಾತು ಹಳೆಯ ಮನೆಗಳಲ್ಲಿ ವಿಶೇಷವಾಗಿ ಮುಖ್ಯ. ಅಲ್ಲಿನ ತೊಲೆ ಜಂತೆಗಳು ಒಂದೇ ಅಂತರದಲ್ಲಿಯೂ ಒಂದೇ ಮಟ್ಟದಲ್ಲಿಯೂ ಇರುವುದು ಅಪರೂಪವಾದ್ದರಿಂದ ಬೋರ್ಡಿನ ಅಂಚು ಎಷ್ಟೋ ಕಡೆ ಆಧಾರವಿಲ್ಲದೆ ತೂಗಾಡುತ್ತದೆ. ಅಲ್ಲದೆ ಮರವು ಗಾಳಿಯ ತೇವಕ್ಕೆ ತಕ್ಕಂತೆ ಎಳೆಗೆ ಅಡ್ಡವಾಗಿ ಉಬ್ಬಿ ಕುಗ್ಗುತ್ತದೆ. ಬೋರ್ಡಿನಲ್ಲಿ ಆ ಬದಲಾವಣೆ ಬಹಳ ಕಡಿಮೆ. ಅಂಚು ಅಲುಗಾಡುವ ಕಡೆ ಜಾಯಿಂಟಿನ ಹಿಂದಕ್ಕೆ ಮರದ ಪಟ್ಟಿಯನ್ನೋ ಲೋಹದ ಚಾನೆಲ್ಲನ್ನೋ ಕೊಟ್ಟು, ಎರಡೂ ಬೋರ್ಡುಗಳನ್ನು ಅದಕ್ಕೆ ಸ್ಕ್ರೂ ಮಾಡಿಸಬೇಕು. ಅದಕ್ಕಾಗಿ ಒಂದು ಬೋರ್ಡನ್ನು ಬಿಚ್ಚಬೇಕಾದರೂ ಹಿಂಜರಿಯಬೇಡಿ. ಸ್ಕ್ರೂಗಳ ನಡುವಿನ ಅಂತರ ಗೋಡೆಯಲ್ಲಿ ಸುಮಾರು 300 ಮಿ.ಮೀ., ಚಾವಣಿಯಲ್ಲಿ ಸುಮಾರು 230 ಮಿ.ಮೀ. ಮೀರದಿರಲಿ. ಸ್ಕ್ರೂವಿನ ತಲೆ ಬೋರ್ಡಿನ ಕಾಗದವನ್ನು ಹರಿಯದೆ ಅದರ ಮಟ್ಟಕ್ಕಿಂತ ತುಸು ಒಳಗೆ ಕೂರಬೇಕು. ಕಾಗದ ಹರಿದ ಕಡೆ ಆ ಸ್ಕ್ರೂವಿಗೆ ಹಿಡಿತವೇ ಇರುವುದಿಲ್ಲವಾದ್ದರಿಂದ ಪಕ್ಕದಲ್ಲಿ ಇನ್ನೊಂದನ್ನು ಹಾಕಿಸಬೇಕು.

ಇನ್ನು ಟೇಪಿನ ಕೆಲಸ. ಹಳೆಯ ಪುಟ್ಟಿಯನ್ನು ಪೂರ್ತಿ ಕೆರೆದು, ಬಿರುಕನ್ನು ಸಣ್ಣ ಕಾಲುವೆಯಂತೆ ಅಗಲಿಸಿ, ದೂಳನ್ನು ಬ್ರಷ್ಷಿನಿಂದ ತೆಗೆಸಿ. ಸಂದನ್ನು ಮೊದಲು ನೀರಿನಲ್ಲಿ ಕಲಸುವ ಪುಡಿ ಕಾಂಪೌಂಡಿನಿಂದ ತುಂಬಿಸುವುದು ಒಳ್ಳೆಯದು. ಅದು ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ, ಕುಗ್ಗುವುದೂ ಕಡಿಮೆ. ಡಬ್ಬಿಯಲ್ಲಿ ಕಲಸಿಯೇ ಬರುವ ಕಾಂಪೌಂಡ್ ನೀರು ಆರಿ ಒಣಗುವುದರಿಂದ ದಪ್ಪವಾಗಿ ತುಂಬಿದ ಕಡೆ ಕುಗ್ಗಿ ಬಿರಿಯುತ್ತದೆ. ಟೇಪಿನಲ್ಲಿ ಕಾಗದದ್ದು ಮತ್ತು ಫೈಬರ್ ಜಾಲರಿಯದ್ದು ಎಂದು ಎರಡು ಬಗೆ. ಜಾಲರಿ ತಾನಾಗಿ ಅಂಟಿಕೊಳ್ಳುವುದರಿಂದ ಕೆಲಸ ಬೇಗ ಸಾಗುತ್ತದೆ, ಆದರೆ ಅದರ ಮೇಲಿನ ಮೊದಲ ಪದರಕ್ಕೆ ಪುಡಿ ಕಾಂಪೌಂಡೇ ಬೇಕು. ಹಳೆಯ ಮನೆಗೆ ನಾನು ಕಾಗದದ ಟೇಪನ್ನೇ ಸೂಚಿಸುತ್ತೇನೆ, ಏಕೆಂದರೆ ಅದು ಎಳೆತಕ್ಕೆ ಹಿಗ್ಗುವುದಿಲ್ಲ ಮತ್ತು ನಡುವೆ ಮಡಚಿದರೆ ಒಳಮೂಲೆಯಲ್ಲಿ ನೇರವಾಗಿ ಕೂರುತ್ತದೆ.

ಕಾಗದದ ಟೇಪನ್ನು ಕೂರಿಸುವಾಗ ಅದರ ಕೆಳಗೆ ಎಲ್ಲ ಕಡೆಯೂ ಕಾಂಪೌಂಡ್ ಇರಲೇಬೇಕು. ಜಾಯಿಂಟಿನ ಮೇಲೆ ತೆಳುವಾಗಿ, ಆದರೆ ಎಲ್ಲಿಯೂ ಬಿಡದಂತೆ ಕಾಂಪೌಂಡ್ ಹಚ್ಚಿ, ಟೇಪನ್ನು ಅದರ ನಡುಗೆರೆಗೆ ಸರಿಯಾಗಿ ಇಟ್ಟು, ಪುಟ್ಟಿ ಬ್ಲೇಡನ್ನು ಓರೆಯಾಗಿ ಹಿಡಿದು ನಡುವಿನಿಂದ ತುದಿಗಳ ಕಡೆಗೆ ಒತ್ತಿ ಎಳೆಯಬೇಕು. ಆಗ ಟೇಪಿನ ಎರಡೂ ಅಂಚುಗಳಿಂದ ಕಾಂಪೌಂಡ್ ಸಣ್ಣ ಏರಿಯಾಗಿ ಹೊರಬರುತ್ತದೆ. ಹೊರಬಾರದ ಕಡೆ ಕೆಳಗೆ ಒಣ ಜಾಗ ಉಳಿದಿದೆ ಎಂದೇ ಅರ್ಥ. ಮುಂದೆ ಗುಳ್ಳೆ ಏಳುವುದು ಅಲ್ಲಿಯೇ. ಅದನ್ನು ಆಗಲೇ ಎತ್ತಿ ಮತ್ತೆ ಹಚ್ಚುವುದು ಒಂದು ನಿಮಿಷದ ಕೆಲಸ, ಬಣ್ಣವಾದ ಮೇಲೆ ಆ ಗುಳ್ಳೆಯನ್ನು ಕತ್ತರಿಸಿ ತುಂಬುವುದು ಎರಡು ದಿನದ ಕೆಲಸ. ಇದು ಒಣಗಿದ ಮೇಲೆ ಎರಡನೆಯ ಪದರವನ್ನು ಸುಮಾರು 200 ಮಿ.ಮೀ., ಮೂರನೆಯದನ್ನು ಸುಮಾರು 300 ಮಿ.ಮೀ. ಅಗಲಕ್ಕೆ, ಅಂಚು ಶೂನ್ಯಕ್ಕೆ ಇಳಿಯುವಂತೆ ಎಳೆಯಬೇಕು. ಡಬ್ಬಿಯ ಕಾಂಪೌಂಡಾದರೆ ಪದರದಿಂದ ಪದರಕ್ಕೆ ಸಾಮಾನ್ಯವಾಗಿ ಒಂದು ದಿನ ಬಿಡಬೇಕು, ತೇವದ ಹವೆಯಲ್ಲಿ ಇನ್ನೂ ಹೆಚ್ಚು.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಿ. ಬೋರ್ಡಿನ ಉದ್ದದ ಅಂಚುಗಳು ಸಾಮಾನ್ಯವಾಗಿ ಇಳಿಜಾರಾಗಿ ಬರುವುದರಿಂದ ಎರಡು ಕೂಡಿದಾಗ ಟೇಪು ಕೂರಲು ತಗ್ಗು ಸಿಗುತ್ತದೆ. ಕತ್ತರಿಸಿದ ಅಂಚಿನಲ್ಲಿ ಆ ತಗ್ಗು ಇರುವುದಿಲ್ಲ, ಟೇಪು ಮೇಲ್ಮಟ್ಟದಲ್ಲಿಯೇ ನಿಂತು ದಿಬ್ಬವಾಗುತ್ತದೆ. ಅಂಥ ಕಡೆ ಅಂಚಿನ ಕಾಗದವನ್ನು ಚಾಕುವಿನಿಂದ ಓರೆಯಾಗಿ ಕೊಯ್ದು, ಕಾಂಪೌಂಡನ್ನು 500–600 ಮಿ.ಮೀ. ಅಗಲಕ್ಕೆ ಹರಡಿದರೆ ದಿಬ್ಬ ಕಣ್ಣಿಗೆ ಬೀಳುವುದಿಲ್ಲ. ಬಾಗಿಲು ಕಿಟಕಿಗಳ ಮೂಲೆಯ ನೇರಕ್ಕೇ ಜಾಯಿಂಟ್ ಬಂದಿದ್ದರೆ ಮಾತ್ರ ಟೇಪು ಹಾಕಿದರೂ ಅದು ಬಹುಕಾಲ ನಿಲ್ಲಲಾರದು. ಬೋರ್ಡನ್ನು ಮೂಲೆಯ ಸುತ್ತ ಒಂದೇ ತುಂಡಾಗಿ ಕತ್ತರಿಸಿ ಹಾಕಿಸುವುದೇ ಅದಕ್ಕೆ ಪರಿಹಾರ.

ಹೊಸ ಬೋರ್ಡು ಹಳೆಯ ಗೋಡೆಯನ್ನು ಮುಟ್ಟುವ ಮೂಲೆಗೆ ಮೇಲಿನ ಯಾವ ಮಾತೂ ಅನ್ವಯಿಸುವುದಿಲ್ಲ. ಅವೆರಡೂ ಬೇರೆ ಬೇರೆ ರೀತಿಯಲ್ಲಿ ಚಲಿಸುವುದರಿಂದ ಗಟ್ಟಿಯಾಗಿ ಬೆಸೆಯಲು ಹೋದಷ್ಟೂ ಬಿರುಕು ದೊಡ್ಡದಾಗುತ್ತದೆ. ಅಲ್ಲಿ 3–5 ಮಿ.ಮೀ. ಸಂದು ಬಿಡಿಸಿ, ಒಣಗಿದ ಮೇಲೂ ಹಿಗ್ಗಿ ಕುಗ್ಗುವ, ಬಣ್ಣ ಹಚ್ಚಬಹುದಾದ ಅಕ್ರಿಲಿಕ್ ಸೀಲೆಂಟ್ ತುಂಬಿಸಿ. ಇಷ್ಟೆಲ್ಲ ಆದ ಮೇಲೆ ಗೋಡೆಗೆ ತೆಳು ಪ್ಲಾಸ್ಟರ್ ಎಳೆಸಲು ಅಡ್ಡಿಯಿಲ್ಲ, ಸೀಲೆಂಟಿನ ಗೆರೆಯನ್ನು ಅದು ಮುಚ್ಚದಿದ್ದರೆ ಸರಿ. ಅದು ಜಿಪ್ಸಮ್ ಪ್ಲಾಸ್ಟರೇ ಆಗಿರಲಿ. ಸಿಮೆಂಟ್ ಆಧಾರದ ಪುಟ್ಟಿ ಬೇಡ. ತೇವ ತಗಲಿದರೆ ಜಿಪ್ಸಮ್ಮಿನ ಸಲ್ಫೇಟ್ ಸಿಮೆಂಟಿನೊಂದಿಗೆ ವರ್ತಿಸಿ ಉಬ್ಬುತ್ತದೆ, ಪದರ ಕಳಚಿಕೊಳ್ಳುತ್ತದೆ.

ಪ್ರಶ್ನೆ: ಕೈಯಾಡಿಸಿದರೆ ನುಣುಪಾಗಿಯೇ ಇದೆ. ಆದರೂ ಬಣ್ಣ ಹಚ್ಚಿದ ಮೇಲೆ ಪ್ರತಿ ಜಾಯಿಂಟೂ ಪಟ್ಟೆಯಾಗಿ ಎದ್ದು ಕಾಣುತ್ತಿದೆ. ಏಕೆ?

ಉತ್ತರ: ಕಾಂಪೌಂಡೂ ಬೋರ್ಡಿನ ಕಾಗದವೂ ಬಣ್ಣವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ, ಅದರಿಂದ ಹೊಳಪಿನಲ್ಲಿ ವ್ಯತ್ಯಾಸವಾಗುತ್ತದೆ. ಇಡೀ ಗೋಡೆಗೆ ಪ್ರೈಮರ್ ಹಚ್ಚಿ ಒಣಗಿಸಿದ ಮೇಲೆಯೇ ಬಣ್ಣಕ್ಕೆ ಕೈಹಾಕಬೇಕು. ಉಜ್ಜುವಾಗ ಬೋರ್ಡಿನ ಕಾಗದ ಜುಂಗೆದ್ದರೂ ಹೀಗೆಯೇ ಕಾಣುತ್ತದೆ. 150ರ ಸ್ಯಾಂಡ್ ಪೇಪರಿಗಿಂತ ಒರಟಾದದ್ದನ್ನು ಕೊನೆಯ ಪದರಕ್ಕೆ ಬಳಸಬೇಡಿ. ಪ್ರೈಮರಿಗೆ ಮುನ್ನ ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ಗೋಡೆಗೆ ತಾಗಿಸಿ ಉದ್ದಕ್ಕೆ ಬೆಳಕು ಬಿಡಿ. ಕೈಗೆ ತಿಳಿಯದ ಏರುತಗ್ಗುಗಳು ನೆರಳಾಗಿ ಕಾಣುತ್ತವೆ, ಅವುಗಳನ್ನು ಪೆನ್ಸಿಲಿನಿಂದ ಗುರುತಿಸಿ ಸರಿಪಡಿಸಬಹುದು.

ಪ್ರಶ್ನೆ: ಪಕ್ಕದ ಗೋಡೆಯ ಹಳೆಯ ಬಣ್ಣವನ್ನೂ ಇದೇ ಸಮಯದಲ್ಲಿ ಉಜ್ಜಿ ಸಮ ಮಾಡಿಸಬಹುದೇ?

ಉತ್ತರ: ಒಣದಾಗಿ ಉಜ್ಜಿಸಲೇಬೇಡಿ. ಹಳೆಯ ಬಣ್ಣದಲ್ಲಿ ಸೀಸವೂ ಹಳೆಯ ಉಬ್ಬುಚಿತ್ತಾರದ ಲೇಪಗಳಲ್ಲಿ ಕಲ್ನಾರೂ ಇರುವ ಸಂಭವವಿದೆ, ಎರಡರ ದೂಳೂ ಅಪಾಯಕಾರಿ. ಒಂದು ತುಣುಕನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಫಲಿತಾಂಶ ಬರುವವರೆಗೆ ಆ ಗೋಡೆಯನ್ನು ಮುಟ್ಟಬಾರದು. ಸಾಮಾನ್ಯ ಕಾಂಪೌಂಡನ್ನು ಉಜ್ಜುವಾಗಲೂ ಎನ್‌95 ಮಾಸ್ಕ್ ಧರಿಸಿ, ಮಕ್ಕಳನ್ನು ಆ ಕೋಣೆಯಿಂದ ದೂರವಿಡಿ.