ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಇದ್ರೂ ಸ್ಕ್ರೈಬ್ ಕೇಳಬಹುದು

ನಿಮ್ಮ ತಂಗಿಗೆ ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ, ಹಾಗಾಗಿ ಪರೀಕ್ಷೆಗೆ ಸ್ಕ್ರೈಬ್ (ಉತ್ತರ ಹೇಳಿದಂತೆ ಬರೆದುಕೊಡುವವರು) ಸಿಗಲ್ಲ ಅಂತ ಕಾಲೇಜಲ್ಲಿ ಅಂದ್ರು ಅಂದ್ರಲ್ಲ ಮೇಡಂ, ಅದು ಸರಿಯಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಯೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2021ರಲ್ಲೇ ಇದನ್ನ ಇತ್ಯರ್ಥ ಮಾಡಿದೆ. ಕೇಂದ್ರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವೂ ಇದೆ. ಮೂರು ಗಂಟೆ ಪೇಪರ್‌ಗೆ ಒಂದು ಗಂಟೆ.

ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ಸರ್ಟಿಫಿಕೇಟ್ ಮಾಡಿಸುವಾಗ, ಬರೀ ಕಾಯಿಲೆ ಹೆಸರು ಸಾಲದು, 'ಬರೆಯಲು ತೊಂದರೆಯಿದೆ, ಸ್ಕ್ರೈಬ್ ಅಗತ್ಯ' ಅಂತ ಬರೆಸ್ಕೊಳ್ಳಿ. ನನ್ನ ತಮ್ಮನಿಗೆ ಆ ಒಂದು ಸಾಲು ಇರಲಿಲ್ಲ. ಪರೀಕ್ಷೆ ದಿನ ಬೆಳಿಗ್ಗೆ ಸ್ಕ್ರೈಬ್ ಕೊಡಲ್ಲ ಅಂದುಬಿಟ್ರು. ಎಡಗೈಯಲ್ಲಿ ಬಲ ಮಣಿಕಟ್ಟು ಹಿಡ್ಕೊಂಡೇ ಬರೆದ, ಎರಡು ಪ್ರಶ್ನೆ ಬಿಟ್ಟುಹೋಯ್ತು. ಈಗಲೂ ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ.

ಪರೀಕ್ಷಾ ಫೀಸ್ ಕಟ್ಟುವಾಗಲೇ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸ್ಕೊಳ್ಳಿ.