ಹಳ್ಳದ ಕರೆಂಟ್ ತಂಡಕ್ಕೆ: ಏನು ಬರೆದಿಡಬೇಕು, ಮೀಟಿಂಗ್ ಹೇಗೆ ಮುಗಿಸಬೇಕು

ಏನೇನು ಬರೆದಿಡಬೇಕು, ಮೀಟಿಂಗ್ ಹೇಗೆ ಮುಗಿಸಬೇಕು ಅನ್ನೋ ನಿಮ್ಮ ಪ್ರಶ್ನೆ ಓದಿದೆ ಮಾರಾಯ್ರೇ. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನೀವು ಹೇಳಿದ್ದು ಇಷ್ಟು. ಹೊಸನಗರದ ಕಡೆ ಆರು ಮನೆಯವರು ಸೇರಿ ಹಳ್ಳದ ನೀರಿಗೆ ಸಣ್ಣ ಟರ್ಬೈನ್, ಅಂದರೆ ನೀರಿನ ರಭಸಕ್ಕೆ ತಿರುಗಿ ಜನರೇಟರ್ ಓಡಿಸುವ ಚಕ್ರ, ಕೂರಿಸುತ್ತಿದ್ದೀರಿ. ವೈರಿಂಗ್, ಕಂಟ್ರೋಲರ್ (ವೋಲ್ಟೇಜ್ ಹಿಡಿತದಲ್ಲಿಡುವ ಡಬ್ಬಿ) ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಅವನು ಯಾವ ತಂತಿ ಎಲ್ಲಿಗೆ ಕೊಟ್ಟಿದ್ದಾನೆ ಅಂತ ಉಳಿದವರಿಗೆ ಗೊತ್ತಿಲ್ಲ. ಭಾನುವಾರದ ಮೀಟಿಂಗ್ ಕಾಫಿಗೆ ಶುರುವಾದರೆ ಊಟದ ಹೊತ್ತಿಗೂ ಮುಗಿಯಲ್ಲ, ಮುಂದಿನ ವಾರ ಮತ್ತೆ ಅದೇ ಪೈಪಿನ ಮಾತು. ನಿಮ್ಮ ಪ್ರಶ್ನೆಗೆ ಈಗಾಗಲೇ ಒಬ್ಬರು ಸಾಫ್ಟ್‌ವೇರ್ ಕಂಪನಿಯ ಟೆಂಪ್ಲೇಟ್ ಹಾಕಿದ್ದಾರೆ. ಚೆನ್ನಾಗೇ ಇದೆ, ಆದರೆ ಹದಿನೈದು ಕಾಲಂ ತುಂಬಿಸೋರು ಯಾರು? ನಿಮಗೆ ಬೇಕಾಗಿರೋದು ಗಟ್ಟಿ ರಟ್ಟಿನ ಒಂದು ಉದ್ದ ನೋಟ್‌ಬುಕ್. ಪುಟಕ್ಕೆಲ್ಲ ಮೊದಲೇ ನಂಬರ್ ಹಾಕಿ, ಆಮೇಲೆ ಯಾರೂ ಹಾಳೆ ಹರಿಯಬಾರದು. ಬಾಲ್ ಪೆನ್ ಅಥವಾ ಪೆನ್ಸಿಲ್‌ನಲ್ಲಿ ಬರೆಯಿರಿ. ನಮ್ಮ ಮಳೆಗಾಲದ ಥಂಡಿಗೆ ಜೆಲ್ ಪೆನ್ನಿನ ಅಕ್ಷರ ಹರಡಿಹೋಗುತ್ತೆ.

ಅದರಲ್ಲಿ ಮೊದಲು ಬರೋದು ಅಳತೆ. "ಹಳ್ಳದಲ್ಲಿ ನೀರು ಧಾರಾಳ ಇದೆ" ಅಂತ ನೀವೇ ಬರೆದಿದ್ದೀರಲ್ಲ, ಆ ಮಾತು ನೋಟ್‌ಬುಕ್‌ಗೆ ಬೇಡ. ಯಾವ ತಾರೀಕು, ಎಲ್ಲಿ, ಯಾರು ಅಳೆದರು, ಹೇಗೆ ಅಳೆದರು, ಎಷ್ಟು ಬಂತು, ಇಷ್ಟು ಸಾಕು. ಉದಾಹರಣೆಗೆ: 20 ಲೀಟರ್ ಬಕೆಟ್ ತುಂಬಲು 4 ಸೆಕೆಂಡ್, ಅಂದರೆ ಸೆಕೆಂಡಿಗೆ 5 ಲೀಟರ್. ನೀರು ಬೀಳುವ ಎತ್ತರ 20 ಮೀಟರ್. 5 × 20 × 9.8 (ಇದು ಭೂಮಿಯ ಸೆಳೆತದ ಅಂಕಿ), ಅಂದರೆ 980 ವ್ಯಾಟ್. ಇದು ಕಾಗದದ ಮೇಲಿನ ಲೆಕ್ಕ. ಪೈಪು, ಟರ್ಬೈನು, ಜನರೇಟರ್ ಎಲ್ಲ ತಮ್ಮ ಪಾಲು ತಿಂದು ಕೈಗೆ ಬರೋದು ಅರ್ಧ, ಸುಮಾರು 500 ವ್ಯಾಟ್. ತಾರೀಕು ಯಾಕೆ ಮುಖ್ಯ ಅಂದರೆ, ಆಗಸ್ಟಿನಲ್ಲಿ ಅಳೆದ 5 ಲೀಟರ್ ಏಪ್ರಿಲ್‌ನಲ್ಲಿ ಇರಲ್ಲ. ಬೇಸಿಗೆಯ ಅಳತೆ ಪಕ್ಕದಲ್ಲಿ ಇಲ್ಲದಿದ್ದರೆ ಆ ಪುಟವನ್ನು ನಂಬಿ ದುಡ್ಡು ಹಾಕಬೇಡಿ.

ಹೇಗೆ ಅಳೆದಿರಿ ಅನ್ನೋದೂ ಅಷ್ಟೇ ಮುಖ್ಯ. ಕೆಳಗೆ ವಾಲ್ವ್ ಮುಚ್ಚಿ, ಪೈಪ್ ತುಂಬಿಸಿ, ಪ್ರೆಷರ್ ಗೇಜ್ ನೋಡಿದರೆ ಪ್ರತಿ 10 ಮೀಟರ್ ಎತ್ತರಕ್ಕೆ ಹೆಚ್ಚುಕಮ್ಮಿ 1 ಕೆಜಿ (ಚದರ ಸೆಂಟಿಮೀಟರಿಗೆ) ತೋರಿಸುತ್ತೆ. ವಾಲ್ವ್ ತೆರೆದು ನೀರು ಓಡುವಾಗ ಅದೇ ಗೇಜ್ ಕಡಿಮೆ ತೋರಿಸುತ್ತೆ. ಒಬ್ಬರು ಮುಚ್ಚಿ ನೋಡಿ 2 ಅಂತ ಬರೆದು, ಇನ್ನೊಬ್ಬರು ತೆರೆದು ನೋಡಿ 1.4 ಅಂದರೆ ಇಬ್ಬರದ್ದೂ ಸರಿಯೇ. ಗೊತ್ತಿಲ್ಲದವರು ಗೇಜ್ ಕೆಟ್ಟಿದೆ ಅಂತ ಪೇಟೆಗೆ ಓಡುತ್ತಾರೆ.

ಅಳತೆಯ ಹೆಸರನ್ನೂ ಪೂರ್ತಿ ಬರೆಯಿರಿ. "ಎರಡು ಇಂಚಿನ ಪೈಪ್" ಅಂತ ನಾವೆಲ್ಲ ಹೇಳೋದು ತೋಟದ 63 ಎಂಎಂ ಪೈಪಿಗೆ. ಆದರೆ ಮನೆ ಪ್ಲಂಬಿಂಗ್‌ನ ಎರಡು ಇಂಚಿನ ಪೈಪಿನ ಹೊರವ್ಯಾಸ 60.3 ಎಂಎಂ. ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಕೂರಲ್ಲ. ಹಾಗಾಗಿ "63 ಎಂಎಂ ಹೊರವ್ಯಾಸ, 6 ಕೆಜಿ ಪೈಪ್" ಅಂತಲೇ ಬರೆಯಬೇಕು. ಇಲ್ಲಿ ಕೆಜಿ ಅಂದರೆ ಪೈಪ್ ತಡೆಯುವ ಒತ್ತಡ, ತೂಕ ಅಲ್ಲ. ಇದು ಹಳ್ಳಿಯವರ ತಾಪತ್ರಯ ಮಾತ್ರ ಅಲ್ಲ. 1999ರಲ್ಲಿ ಮಂಗಳನ ಸುತ್ತ ತಿರುಗಬೇಕಿದ್ದ ನಾಸಾದ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಹಾಳಾಗಿದ್ದು ಇದೇ ಥರ. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಡುತ್ತಿತ್ತು, ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಅಂತ ಓದಿಕೊಂಡರು.

ಎರಡನೆಯದು ತೀರ್ಮಾನ. ನಿಮ್ಮ ಪೈಪಿನ ಮಾತು ವಾರವಾರ ತಿರುಗಿ ಬರೋದಕ್ಕೆ ಕಾರಣ ಇಲ್ಲೇ ಇದೆ ಅನ್ನಿಸುತ್ತೆ. "90 ಎಂಎಂ ಹಾಕೋದು" ಅಂತ ಎಲ್ಲರೂ ಒಪ್ಪಿದ್ದೀರಿ, ಯಾಕೆ ಅಂತ ಯಾರೂ ಬರೆದಿಲ್ಲ. ಆರು ತಿಂಗಳು ಬಿಟ್ಟು ಒಬ್ಬರು "ನಮ್ಮ ಮನೇಲಿ 63ರ ಪೈಪ್ ಸುಮ್ನೆ ಬಿದ್ದಿದೆ, ಅದನ್ನೇ ಹಾಕೋಣ" ಅಂದ ಕೂಡಲೇ ಚರ್ಚೆ ಮೊದಲಿಂದ ಶುರು. ಲೆಕ್ಕ ಪುಟದಲ್ಲಿದ್ದರೆ ಮಾತು ಎರಡು ನಿಮಿಷಕ್ಕೆ ಮುಗಿಯುತ್ತೆ. 150 ಮೀಟರ್ ಉದ್ದದ ಲೈನಿನಲ್ಲಿ ಸೆಕೆಂಡಿಗೆ 5 ಲೀಟರ್ ಹರಿಸಿದರೆ, 63 ಎಂಎಂ ಪೈಪಿನಲ್ಲಿ 20 ಮೀಟರ್ ಎತ್ತರದಲ್ಲಿ ಸುಮಾರು 9 ಮೀಟರ್ ಬರೀ ತಿಕ್ಕಾಟಕ್ಕೇ ಹೋಗುತ್ತೆ. 90 ಎಂಎಂ ಆದರೆ ಹೋಗೋದು ಒಂದೂವರೆ ಮೀಟರ್. ದುಡ್ಡು ಉಳಿಸಲು ಹೋಗಿ ಹೆಚ್ಚುಕಮ್ಮಿ ಅರ್ಧ ಕರೆಂಟ್ ಕಳೆದುಕೊಳ್ಳೋದು ಬೇಡ ಅಂತ 63 ಬಿಟ್ಟಿದ್ದು ಅನ್ನೋ ಸಾಲು ಕೂಡ ಬರೆದಿಡಿ. ಏನನ್ನು ಆರಿಸಿದಿರಿ ಅನ್ನೋದಕ್ಕಿಂತ ಏನನ್ನು ಯಾಕೆ ಬಿಟ್ಟಿರಿ ಅನ್ನೋದೇ ಮುಂದೆ ಜಾಸ್ತಿ ಕೆಲಸಕ್ಕೆ ಬರುತ್ತೆ.

ಇನ್ನು ಬೆಂಗಳೂರಿಗೆ ಹೋದ ಹುಡುಗನ ವಿಷಯ. "ಎಲ್ಲ ಬರೆದು ಕಳಿಸು" ಅಂತ ಅವನಿಗೆ ಹೇಳಬೇಡಿ, ಅವನು ಬರೆಯಲ್ಲ. ಹೊಸ ಕೆಲಸದ ಗಡಿಬಿಡಿಯಲ್ಲಿ ಯಾರೂ ಬರೆಯಲ್ಲ. ವಿಡಿಯೋ ಕಾಲ್ ಮಾಡಿ, ಅವನು ಹೇಳಲಿ, ನೀವು ಬರೆದುಕೊಳ್ಳಿ. ಒಂದೊಂದು ತಂತಿಗೂ ಚೀಟಿ ಕಟ್ಟಿ, ಅದರ ಮೇಲೆ ನಂಬರ್, ಅದೇ ನಂಬರ್ ನಕ್ಷೆಯಲ್ಲೂ. ಎಷ್ಟು ವೋಲ್ಟಿಗೆ ಡಮ್ಮಿ ಲೋಡ್ (ಮನೆಗಳು ಬಳಸದೆ ಉಳಿದ ಕರೆಂಟನ್ನು ಶಾಖವಾಗಿ ಸುಡುವ ಹೀಟರ್) ಆನ್ ಆಗಬೇಕು ಅಂತ ಸೆಟ್ ಮಾಡಿದ್ದಾನೆ ಕೇಳಿ. ಆಮೇಲೆ ತಂಡದಲ್ಲಿ ವೈರಿಂಗ್ ಗೊತ್ತಿಲ್ಲದ ಒಬ್ಬರು ಆ ಹಾಳೆ ಮಾತ್ರ ಹಿಡಿದುಕೊಂಡು ಟರ್ಬೈನ್ ಶುರುಮಾಡಿ ನಿಲ್ಲಿಸಲಿ. ಹುಡುಗ ಫೋನಿನಲ್ಲಿ ನೋಡುತ್ತಿರಲಿ, ಅಪಾಯ ಇದ್ದರೆ ಮಾತ್ರ ಬಾಯಿ ಬಿಡಲಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಒಂದು ಸಾಲು ಕಡಿಮೆ ಇದೆ ಅಂತ ಅರ್ಥ.

ಟರ್ಬೈನ್ ನಿಲ್ಲಿಸುವ ಕ್ರಮ ಮಾತ್ರ ನೋಟ್‌ಬುಕ್‌ನಲ್ಲಷ್ಟೇ ಇದ್ದರೆ ಸಾಲದು. ದೊಡ್ಡ ಅಕ್ಷರದಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ, ಕಂಟ್ರೋಲರ್ ಡಬ್ಬಿಯ ಬಾಗಿಲ ಒಳಗೆ ಅಂಟಿಸಿ. ಮೊದಲು ಗೇಟ್ ವಾಲ್ವ್ ನಿಧಾನಕ್ಕೆ ಮುಚ್ಚಬೇಕು, ದಡಕ್ಕನೆ ಮುಚ್ಚಿದರೆ ನೀರಿನ ಹೊಡೆತಕ್ಕೆ ಪೈಪೇ ಒಡೆಯಬಹುದು. ಟರ್ಬೈನ್ ನಿಂತ ಮೇಲೆ ಸ್ವಿಚ್. ಟರ್ಬೈನ್ ತಿರುಗುತ್ತಿರುವಾಗಲೇ ಮನೆ ಲೈನೂ ಡಮ್ಮಿ ಲೋಡೂ ಎರಡೂ ತಪ್ಪಿದರೆ ಅದಕ್ಕೆ ಹಿಡಿತ ಇರಲ್ಲ. ವೇಗ ಏರುತ್ತೆ, ವೋಲ್ಟೇಜ್ ಏರುತ್ತೆ. ಜುಲೈ ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ಅಲ್ಲಿ ನಿಲ್ಲೋರು ನಿಮ್ಮ ಪೈಕಿ ಯಾರೋ ಗೊತ್ತಿಲ್ಲ.

ವಾಟ್ಸಾಪ್ ಗುಂಪು ಇರಲಿ, ಹರಟೆಗೆ ಅದೇ ಸರಿ. ಶುಭೋದಯ, ಅಡಿಕೆ ರೇಟು, ನಡುವೆ ಪೈಪಿನ ಬಿಲ್ಲು. ಬೇಕಾದಾಗ ಯಾವುದೂ ಸಿಗಲ್ಲ. ಅಲ್ಲಿ ತೀರ್ಮಾನ ಆದದ್ದು ಅದೇ ದಿನ ನೋಟ್‌ಬುಕ್‌ಗೆ ಹೋಗಲಿ. ತಿಂಗಳಿಗೊಮ್ಮೆ ಪುಟಗಳ ಫೋಟೋ ತೆಗೆದು ಬೇರೆ ಬೇರೆ ಮನೆಯ ಇಬ್ಬರ ಫೋನಿನಲ್ಲಿ ಇಡಿ. ಮೂಲ ಪುಸ್ತಕ ಗೆದ್ದಲಿಗೋ ಬೂಷ್ಟಿಗೋ ಹೋದರೂ ಪರವಾಗಿಲ್ಲ.

ಈಗ ಮೀಟಿಂಗ್. ಹಿಂದಿನ ದಿನ ಸಂಜೆಯೇ ವಿಷಯ ಕಳಿಸಿ, ಅದೂ ಪ್ರಶ್ನೆಯಾಗಿ. "ಪೈಪ್ ವಿಚಾರ" ಅಂತ ಬರೆದರೆ ಊರ ಮಾತೆಲ್ಲ ಬರುತ್ತೆ. "90 ಎಂಎಂ ಪೈಪಿಗೆ ಈ ವಾರ ಆರ್ಡರ್ ಕೊಡೋದಾ, ಬೇಡ್ವಾ?" ಅಂತ ಬರೆದರೆ ಉತ್ತರ ಕೊಟ್ಟು ಏಳಲೇಬೇಕು. ಮೂರು ಪ್ರಶ್ನೆಗಿಂತ ಜಾಸ್ತಿ ಬೇಡ. ಯಾರ್ಯಾರು ಏನು ಮಾಡಿದರು ಅನ್ನೋ ವರದಿ ಮೀಟಿಂಗ್‌ನಲ್ಲಿ ಓದಬೇಡಿ, ಅದಕ್ಕೆ ಗುಂಪೇ ಸಾಕು. ನೀರು ಹಿಡಿಯುವ ಕಟ್ಟೆಯ ಬಗ್ಗೆ ಮಾತಿದ್ದರೆ ಕಟ್ಟೆ ಹತ್ತಿರವೇ ಸೇರಿ. ಜಗಲಿಯಲ್ಲಿ ಕೂತು ಕೈಯಲ್ಲಿ ಗಾಳಿಯಲ್ಲಿ ಚಿತ್ರ ಬರೆಯೋದು ತಪ್ಪುತ್ತೆ. ಜಿಗಣೆ ಇರೋ ಕಡೆ ಮೀಟಿಂಗ್ ಬೇಗ ಮುಗಿಯುತ್ತೆ ಅನ್ನೋ ಲಾಭವೂ ಇದೆ.

ನಡೆಸುವವರು ಬೇರೆ, ಬರೆಯುವವರು ಬೇರೆ ಇರಲಿ. ನಮ್ಮ ಕಡೆ ಹಿರಿಯರು ಮೊದಲು ಮಾತಾಡಿಬಿಟ್ಟರೆ ಕಿರಿಯರು ಬಾಯಿ ಮುಚ್ಚಿಕೊಳ್ಳುತ್ತಾರೆ, ಅಲ್ವಾ? ಅದಕ್ಕೆ ಕಿರಿಯರಿಂದ ಶುರುಮಾಡಿ, ಹಿರಿಯರನ್ನು ಕೊನೆಗೆ ಕೇಳಿ. ಅವರಿಗೆ ಬೇಜಾರಾಗಲ್ಲ, ಕೊನೆ ಮಾತು ಅವರದ್ದೇ ಆಗುತ್ತಲ್ಲ. ಮನೆಯ ಹೆಂಗಸರನ್ನೂ ಕೂರಿಸಿಕೊಳ್ಳಿ. 500 ವ್ಯಾಟ್ ಆರು ಮನೆಗೆ ಹಂಚಿದರೆ ಮನೆಗೆ 80 ವ್ಯಾಟ್ ಚಿಲ್ಲರೆ. ದೀಪಕ್ಕೆ, ಫೋನ್ ಚಾರ್ಜಿಗೆ ಬೇಕಾದಷ್ಟಾಯಿತು. ಆದರೆ 750 ವ್ಯಾಟಿನ ಮಿಕ್ಸಿ ಆರು ಮನೆಯ ಪಾಲು ಸೇರಿಸಿದರೂ ತಿರುಗಲ್ಲ. ಇದನ್ನು ಈಗಲೇ ಹೇಳಿ, ಎಲ್ಲರೂ ಕೇಳಿದ್ದಾರೆ ಅಂತ ಬರೆದಿಡಿ.

ಮುಗಿಸುವ ಮುಂಚೆ ಐದು ನಿಮಿಷ ಬರೆದದ್ದನ್ನು ಜೋರಾಗಿ ಓದಿ. ಏನು ತೀರ್ಮಾನ, ಯಾರು ಮಾಡೋದು, ಯಾವ ತಾರೀಕಿನ ಒಳಗೆ. "ನೋಡೋಣ" ಅನ್ನೋದು ತೀರ್ಮಾನ ಅಲ್ಲ. "ಎಲ್ಲರೂ ಸೇರಿ ಮಾಡೋಣ" ಅಂದರೆ ಯಾರೂ ಮಾಡಲ್ಲ, ಒಂದು ಹೆಸರು ಬೇಕೇ ಬೇಕು. ಆ ವಾರ ಬರದೇ ಇದ್ದವರು ಮುಂದಿನ ವಾರ ತಕರಾರು ತೆಗೆದರೆ, ಹೊಸ ಅಳತೆಯೋ ಹೊಸ ರೇಟೋ ತಂದಿದ್ದರೆ ಮಾತ್ರ ಮತ್ತೆ ತೆರೆಯಿರಿ. ದುಡ್ಡಿನ ಲೆಕ್ಕಕ್ಕೆ ಬೇರೆ ಪುಸ್ತಕ, ಬೇರೆ ದಿನ. ಎರಡನ್ನೂ ಸೇರಿಸಿದರೆ ಪೈಪಿನ ಮಾತು ಜಗಳದಲ್ಲಿ ನಿಲ್ಲುತ್ತೆ. ಮೀಟಿಂಗ್ ಪೂರ್ತಿ ರೆಕಾರ್ಡ್ ಮಾಡಿ ಅಂತ ಒಬ್ಬರು ಸಲಹೆ ಕೊಟ್ಟಿದ್ದಾರೆ. ಬೇಡ ಅಂತೀನಿ. ಎರಡು ಗಂಟೆಯ ಆಡಿಯೋ ಯಾರೂ ಮತ್ತೆ ಕೇಳಲ್ಲ, ಜನ ಮಾತ್ರ ಮನಸ್ಸು ಬಿಚ್ಚಿ ಮಾತಾಡೋದು ನಿಲ್ಲಿಸುತ್ತಾರೆ.

ಅಡಿಕೆ ಕೊಯ್ಲು ಶುರುವಾದರೆ ನಿಮ್ಮಲ್ಲಿ ಯಾರೂ ಕೈಗೆ ಸಿಗಲ್ಲ, ಹಾಗಾಗಿ ಆ ಹುಡುಗನ ಕೆಲಸ ಮೊದಲು ಮುಗಿಸಿ. ದೀಪಾವಳಿಗೆ ಊರಿಗೆ ಬರ್ತಾನೆ ಅಂದಿದ್ದೀರಿ. ಫೋನಿನಲ್ಲಿ ಬರೆದುಕೊಂಡ ಹಾಳೆ ಹಿಡಿದು ಅವನನ್ನು ಟರ್ಬೈನ್ ಹತ್ತಿರ ಕರೆದುಕೊಂಡು ಹೋಗಿ, ಸಾಲುಸಾಲಾಗಿ ತಾಳೆ ನೋಡಿ. ಹಾಗೇ ಬೇರಿಂಗಿನ ನಂಬರ್ ಬರೆದುಕೊಳ್ಳಿ. 6204, 6205 ಅಂತ ಬೇರಿಂಗ್ ಮೇಲೆಯೇ ಕೊರೆದಿರುತ್ತೆ. ತುಕ್ಕು ಹಿಡಿದ ಮೇಲೆ ಓದಲು ಬರಲ್ಲ.