ಅಪ್ಪನ ಹಳೇ ಕಂಪ್ಯೂಟರಿನ ಹಾರ್ಡ್‌ಡಿಸ್ಕಿಗೆ ವಿಂಡೋಸ್ 98 ಮತ್ತೆ ಹಾಕುವುದು ಹೇಗೆ?

ಅಪ್ಪ ಬಳಸುತ್ತಿದ್ದ ಪೆಂಟಿಯಮ್, ಅದೇ ಹಳೇ ಹಾರ್ಡ್‌ಡಿಸ್ಕ್, ಅದರ ಮೇಲೇ ವಿಂಡೋಸ್ 98 ಆಗಬೇಕು ಅಂತ ಬರೆದಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಸ್ವಲ್ಪ ನಿಲ್ಲಿ.

2002ರ ಮಳೆಗಾಲ. ಉಡುಪಿಯ ರಥಬೀದಿ ಹತ್ತಿರ ನನ್ನ ಸೋದರಮಾವನ ಡಿಟಿಪಿ ಅಂಗಡಿ ಇತ್ತು. ಮದುವೆ ಕಾಗದ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್, ಭೂತಕೋಲದ ಆಮಂತ್ರಣ, ಎಲ್ಲವೂ ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರಿನಲ್ಲೇ. ರಾತ್ರಿ ಬಾಗಿಲು ಹಾಕಿದ ಮೇಲೆ ಮಾವ ತನ್ನದೇ ಒಂದು ಕೆಲಸ ಮಾಡುತ್ತಿದ್ದರು. ಹಳೇ ಭಾಗವತರೊಬ್ಬರ ಮನೆಯಿಂದ ಕೈಬರಹದ ಪ್ರಸಂಗ ಪುಸ್ತಕ ತರುವುದು, ಪದ್ಯಗಳನ್ನು ಟೈಪ್ ಮಾಡುವುದು, ಪುಸ್ತಕ ವಾಪಸ್ ಕೊಡುವುದು. ಮೂರು ವರ್ಷದ ಕೆಲಸ. ಎಲ್ಲ ಡಿ ಡ್ರೈವಿನಲ್ಲಿತ್ತು. 1.44 ಎಂಬಿಯ ಫ್ಲಾಪಿಯಲ್ಲಿ ಆ ಫೈಲುಗಳು ಹಿಡಿಸುತ್ತಿರಲಿಲ್ಲ.

ವಿಂಡೋಸ್ ಪದೇ ಪದೇ ನಿಲ್ಲತೊಡಗಿತು. ನಾನು ಆಗ ಡಿಪ್ಲೊಮಾ ವಿದ್ಯಾರ್ಥಿ. "ಹೊಸದಾಗಿ ಹಾಕಿಕೊಡ್ತೇನೆ ಮಾವ" ಅಂದೆ. ಮೊದಲು ಡಿ ಡ್ರೈವನ್ನು ಕಾಪಿ ಮಾಡಿಡಬೇಕು ಅಂತ ಹೊಸ 20 ಜಿಬಿ ಡಿಸ್ಕ್ ಕೂಡ ತಂದೆ. ಅಲ್ಲಿಯವರೆಗೆ ಎಲ್ಲ ಸರಿ ಇತ್ತು.

ನನ್ನ ತಪ್ಪು ಇಲ್ಲಿದೆ. ಇದನ್ನು ನಿಧಾನಕ್ಕೆ ಓದಿ. ಹಳೇ 4.3 ಜಿಬಿ ಡಿಸ್ಕಿನಲ್ಲಿ ಎರಡು ಭಾಗ, ಅಂದರೆ ಪಾರ್ಟಿಷನ್: ಸಿ ಪ್ರೈಮರಿ (ಮುಖ್ಯ) ಪಾರ್ಟಿಷನ್, ಡಿ ಉಳಿದ ಜಾಗದೊಳಗೆ ಮಾಡಿದ ಲಾಜಿಕಲ್ ಡ್ರೈವ್. ಹೊಸ ಡಿಸ್ಕನ್ನು ಸ್ಲೇವ್, ಅಂದರೆ ಎರಡನೇ ಡಿಸ್ಕ್ ಮಾಡಿ ಜೋಡಿಸಿ, ಬೂಟ್ ಫ್ಲಾಪಿ ಹಾಕಿ, ಡಿಸ್ಕನ್ನು ಭಾಗ ಮಾಡುವ ಎಫ್‌ಡಿಸ್ಕ್‌ನಲ್ಲಿ ಅದಕ್ಕೂ ಒಂದು ಪ್ರೈಮರಿ ಪಾರ್ಟಿಷನ್ ಮಾಡಿದೆ. ರೀಸ್ಟಾರ್ಟ್ ಮಾಡಿದೆ. ಸಿ, ಡಿ ಹಳೆಯವು, ಹೊಸದು ಇ ಅಂತ ತಿಳಿದುಕೊಂಡೆ. ಬೂಟ್ ಫ್ಲಾಪಿಯಿಂದ ಓಡುವ ಡಾಸ್ ಹಾಗೆ ಲೆಕ್ಕ ಹಾಕುವುದೇ ಇಲ್ಲ. ಅದು ಮೊದಲು ಎಲ್ಲ ಡಿಸ್ಕುಗಳ ಪ್ರೈಮರಿಗಳಿಗೆ ಅಕ್ಷರ ಕೊಡುತ್ತದೆ, ಆಮೇಲೆ ಲಾಜಿಕಲ್‌ಗಳಿಗೆ. ಅಂದರೆ ಹೊಸ ಡಿಸ್ಕ್ ಡಿ ಆಗಿತ್ತು, ಮಾವನ ಡಿ ಜಾರಿ ಇ ಆಗಿತ್ತು. ಡಿಸ್ಕಿನೊಳಗೆ ಏನೂ ಅಲುಗಾಡಿರಲಿಲ್ಲ, ಅಕ್ಷರ ಮಾತ್ರ ಬದಲಾಗಿತ್ತು.

ನಾನು ಇ ಡ್ರೈವನ್ನು ಫಾರ್ಮ್ಯಾಟ್ ಮಾಡಿದೆ. ಡೇಟಾ ಎಲ್ಲ ಹೋಗುತ್ತದೆ, ಮುಂದುವರಿಯಲಾ ಅಂತ ಕೇಳಿತು. ವೈ ಒತ್ತಿದೆ. ಸ್ಕ್ರೀನಿನಲ್ಲಿ ಎರಡು ಸಾವಿರದ ಆಸುಪಾಸಿನ ಎಂಬಿ ತೋರಿಸುತ್ತಿತ್ತು. 20 ಜಿಬಿ ಡಿಸ್ಕ್ ಆಗಿದ್ದರೆ ಹತ್ತೊಂಬತ್ತು ಸಾವಿರ ಇರಬೇಕಿತ್ತಲ್ವಾ? ಆ ಸಂಖ್ಯೆ ನನ್ನ ಕಣ್ಣೆದುರಿಗೇ ಇತ್ತು. ಮುಗಿದ ಮೇಲೆ ಸಿಡಿಯಿಂದ ವಿಂಡೋಸ್ ಫೋಲ್ಡರನ್ನೂ ಅದಕ್ಕೇ ಕಾಪಿ ಮಾಡಿದೆ, ನೂರು ಎಂಬಿಗಿಂತ ಜಾಸ್ತಿ. ಕೊನೆಗೆ ಮಾವನ ಫೈಲ್ ಕಾಪಿ ಮಾಡೋಣ ಅಂತ ಡಿ ತೆರೆದರೆ "ಇನ್‌ವ್ಯಾಲಿಡ್ ಮೀಡಿಯಾ ಟೈಪ್" ಅಂತ ಬಂತು. ಆಗ ಗೊತ್ತಾಯಿತು.

ಆ ಫಾರ್ಮ್ಯಾಟ್ ಫೈಲುಗಳ ಪಟ್ಟಿಯನ್ನು ಅಳಿಸುತ್ತದೆ, ಒಳಗಿನ ಡೇಟಾ ಅಲ್ಲೇ ಉಳಿದಿರುತ್ತದೆ. ಹಾಗಾಗಿ ರಿಕವರಿ ಸಾಫ್ಟ್‌ವೇರಿನಲ್ಲಿ ಕೆಲವು ಸಿಕ್ಕಿದವು. ಆದರೆ ಚೂರು ಚೂರಾಗಿದ್ದ ಫೈಲುಗಳು ಸೇರಲಿಲ್ಲ. ಆ ಕಾಲದ ಕನ್ನಡ ಫಾಂಟ್ ಬೇರೆ. ಈಗಿನ ಹಾಗೆ ಎಲ್ಲ ಕಡೆ ಒಂದೇ ರೀತಿ ಓದಲಾಗುವ ಯೂನಿಕೋಡ್ ಅಲ್ಲವಲ್ಲ, ಫಾಂಟ್ ಇಲ್ಲದೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯಾವ ಚೂರು ಯಾವ ಪ್ರಸಂಗದ್ದು ಅಂತ ಹುಡುಕುವುದಕ್ಕೂ ಆಗಲಿಲ್ಲ. ನಾನು ಕಾಪಿ ಮಾಡಿದ ವಿಂಡೋಸ್ ಕೂತ ಜಾಗದಲ್ಲಿದ್ದದ್ದು ಪೂರ್ತಿ ಹೋಯಿತು.

ಮಾವ ಬೈಯಲಿಲ್ಲ. "ಆಯ್ತಲ್ಲ ಮಾರಾಯಾ, ಇನ್ನೆಂತ ಮಾಡುವುದು" ಅಂದರು. ಆ ಭಾಗವತರು ಅಷ್ಟರಲ್ಲಿ ತೀರಿಕೊಂಡಿದ್ದರು. ಪುಸ್ತಕಗಳು ಮನೆಯವರಲ್ಲಿ ಹಂಚಿಹೋಗಿದ್ದವು. ಮಾವ ಮತ್ತೆ ಟೈಪ್ ಮಾಡಲು ಕೂರಲಿಲ್ಲ.

ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ ಫ್ಯಾಟ್16 ಮಾಡಲಾ ಫ್ಯಾಟ್32 ಮಾಡಲಾ ಅಂತ ಕೇಳಿದ್ದೀರಿ. ಫ್ಯಾಟ್32 ಮಾಡಿ, ಇಲ್ಲದಿದ್ದರೆ ಒಂದು ಪಾರ್ಟಿಷನ್ 2 ಜಿಬಿಗೆ ನಿಂತುಬಿಡುತ್ತದೆ. ಆದರೆ ಆ ಡಿಸ್ಕಿನ ಮೇಲೆ ಬೇಡ. "ಒರಿಜಿನಲ್ ಡಿಸ್ಕಿನಲ್ಲೇ ಆದರೆ ಚೆಂದ" ಅನ್ನುವ ನಿಮ್ಮ ಮಾತು ನಾನು ಒಪ್ಪುವುದಿಲ್ಲ. ಅದನ್ನು ಬಿಚ್ಚಿ ಹೊರಗೆ ತೆಗೆಯಿರಿ. 8 ಜಿಬಿಯ ಕಾಂಪ್ಯಾಕ್ಟ್ ಫ್ಲ್ಯಾಶ್ ಮೆಮೊರಿ ಕಾರ್ಡ್ ಒಂದು, ಅದನ್ನು ಹಳೇ ಹಾರ್ಡ್‌ಡಿಸ್ಕಿನ ಐಡಿಇ ಕೇಬಲಿಗೆ ಜೋಡಿಸುವ ಅಡಾಪ್ಟರ್ ಒಂದು ತನ್ನಿ. ಕಂಪ್ಯೂಟರಿಗೆ ಅದು ಹಾರ್ಡ್‌ಡಿಸ್ಕಿನ ಹಾಗೇ ಕಾಣುತ್ತದೆ. ಎಫ್‌ಡಿಸ್ಕ್ ದೊಡ್ಡ ಡಿಸ್ಕಿನ ಸಪೋರ್ಟ್ ಬೇಕಾ ಅಂತ ಕೇಳಿದಾಗ ವೈ ಕೊಡಿ. ಪಾರ್ಟಿಷನ್ನನ್ನು ಆಕ್ಟಿವ್, ಅಂದರೆ ಬೂಟ್ ಆಗುವಂತೆ ಮಾಡಲು ಮರೆಯಬೇಡಿ. ಒಳಗೆ ಅದೊಂದೇ ಇರಲಿ, ಎರಡನೆಯದು ಜೋಡಿಸಲೇಬೇಡಿ. ಬೂಟ್ ಫ್ಲಾಪಿ ಮೆಮೊರಿಯಲ್ಲಿ ತನ್ನದೇ ಒಂದು ತಾತ್ಕಾಲಿಕ ರ್‍ಯಾಮ್ ಡ್ರೈವ್ ಮಾಡಿಕೊಳ್ಳುವುದರಿಂದ ಸಿಡಿಯ ಅಕ್ಷರ ಒಂದು ಮುಂದೆ ಹೋಗಿರುತ್ತದೆ. ಅದಕ್ಕೆ ಹೆದರಬೇಡಿ.

ಹಳೇ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿನಲ್ಲಿ ಈಗಿನ ಕಂಪ್ಯೂಟರಿಗೆ ಹಾಕಿ ಪೂರ್ತಿ ಇಮೇಜ್, ಅಂದರೆ ಇಡೀ ಡಿಸ್ಕಿನ ಯಥಾವತ್ ಪ್ರತಿ ತೆಗೆಯಿರಿ. ಲಿನಕ್ಸ್ ಗೊತ್ತಿದ್ದರೆ ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್ ಬಳಸಿ, ಹಾಳಾದ ಜಾಗ ಬಿಟ್ಟು ಓದಲಾಗುವುದನ್ನು ಮೊದಲು ಎತ್ತಿಕೊಳ್ಳುತ್ತದೆ.

ಡಿ ಡ್ರೈವಿನಲ್ಲಿ ಏನಿದೆ ಅಂತ ನೀವು ಬರೆದೇ ಇಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಹತ್ರ ಕೇಳಿ.